ನಾಲ್ಕು ವರ್ಷ ಬ್ರಿಡ್ಜ್ ಬಳಸಿದ ಮೇಲೆ: ಶಿರಸಿ ಕಡೆಯಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಟ್ರೇಡರ್ ಏನಲ್ಲ. ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮ ಮನೆ. ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಬಂದವನು ವರ್ಕ್ ಫ್ರಂ ಹೋಮ್ ಅಂತ ಇಲ್ಲೇ ಉಳಿದೆ. 2021ರಲ್ಲಿ ಎಲ್ಲರೂ ಕೊಂಡ ಹಾಗೆ ನಾನೂ ಸ್ವಲ್ಪ ಈಥರ್ (ಇಥೀರಿಯಮ್ ನೆಟ್‌ವರ್ಕ್‌ನ ಕ್ರಿಪ್ಟೋ ನಾಣ್ಯ) ಕೊಂಡೆ. ಅದನ್ನು ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುವ ಬ್ರಿಡ್ಜ್‌ಗಳ ಸಹವಾಸ ಆಗ ಶುರುವಾಯ್ತು. ಇವತ್ತಿಗೆ ನನ್ನ ಲೆಕ್ಕದ ಹಾಳೆಯಲ್ಲಿ 41 ಸಲ ದಾಟಿಸಿದ್ದು ಇದೆ. ಅರ್ಧದಷ್ಟು ಆರ್ಬಿಟ್ರಮ್‌ನ (ಇಥೀರಿಯಮ್ ಮೇಲೇ ಕಟ್ಟಿದ ಅಗ್ಗದ ನೆಟ್‌ವರ್ಕ್) ಸ್ವಂತ ಬ್ರಿಡ್ಜ್‌ನಲ್ಲಿ, ಉಳಿದದ್ದು ಎರಡು-ಮೂರು ‘ಫಾಸ್ಟ್’ ಬ್ರಿಡ್ಜ್‌ಗಳಲ್ಲಿ.

ದಾಟಿಸುವುದು ಯಾಕೆ ಅಂದರೆ ಇಥೀರಿಯಮ್‌ನ ಗ್ಯಾಸ್ ಫೀ, ಅಂದರೆ ಪ್ರತಿ ವಹಿವಾಟಿಗೂ ನೆಟ್‌ವರ್ಕ್‌ಗೆ ಕಟ್ಟುವ ಶುಲ್ಕ. 2021ರ ನವೆಂಬರ್‌ನಲ್ಲಿ ಐವತ್ತು ಸಾವಿರ ಚಿಲ್ಲರೆಯ ಈಥರ್ ದಾಟಿಸಲು ನನಗೆ ಹತ್ತಿರ ಹತ್ತಿರ 3,500 ರೂಪಾಯಿ ಹೋಯ್ತು. ಹೊಟ್ಟೆ ಉರಿಯಿತು. ಆದರೆ ಒಮ್ಮೆ ಆಚೆ ದಡ ಸೇರಿದ ಮೇಲೆ ಅಲ್ಲಿ ಓಡಾಡಲು ಚಿಲ್ಲರೆ ಕಾಸು ಸಾಕು. 2024ರ ಮಾರ್ಚ್‌ನಲ್ಲಿ ಇಥೀರಿಯಮ್‌ಗೆ ಡೆನ್ಕುನ್ ಅಪ್‌ಗ್ರೇಡ್ ಬಂದ ಮೇಲಂತೂ ಆರ್ಬಿಟ್ರಮ್‌ನಂಥ ಎರಡನೇ ಹಂತದ ನೆಟ್‌ವರ್ಕ್‌ಗಳಲ್ಲಿ ಫೀ ಇದೆ ಅನ್ನುವುದೇ ಮರೆತುಹೋಗುತ್ತದೆ.

ಬ್ರಿಡ್ಜ್ ಅಂತ ಹೆಸರಿದ್ದರೂ ಅದರ ಮೇಲೆ ಏನೂ ದಾಟುವುದಿಲ್ಲ. ಇದು ಅರ್ಥವಾಗಲು ನನಗೆ ಒಂದೂವರೆ ವರ್ಷ ಬೇಕಾಯ್ತು, ಮೇಲೆ 250 ಡಾಲರ್ ಸಿಕ್ಕಿಹಾಕಿಕೊಳ್ಳಬೇಕಾಯ್ತು. ನಮ್ಮಲ್ಲಿ ಅಡಿಕೆ ಚೀಲವನ್ನು ಸೊಸೈಟಿ ಗೋದಾಮಿನಲ್ಲಿ ಇಟ್ಟರೆ ರಸೀದಿ ಕೊಡುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ನಿಮ್ಮ ಟೋಕನ್ ಈ ಕಡೆ ಒಂದು ಕಾಂಟ್ರ್ಯಾಕ್ಟ್‌ನಲ್ಲಿ (ನೆಟ್‌ವರ್ಕ್ ಮೇಲೆ ತಾನಾಗಿ ಓಡುವ ಪ್ರೋಗ್ರಾಂ) ಬೀಗ ಹಾಕಿಸಿಕೊಂಡು ಕೂರುತ್ತದೆ. ಆ ಕಡೆ ಅಷ್ಟೇ ಮೊತ್ತದ ಇನ್ನೊಂದು ಟೋಕನ್ ಹುಟ್ಟುತ್ತದೆ. ನಿಮ್ಮ ಕೈಗೆ ಬಂದದ್ದು ರಸೀದಿ. ಗೋದಾಮು ಗಟ್ಟಿ ಇರುವವರೆಗೆ ರಸೀದಿಗೆ ಬೆಲೆ.

ಈಗ ಆ 250 ಡಾಲರ್ ಕತೆ. 2023ರ ಜುಲೈ. ಹೊರಗೆ ಮಳೆ ಹೊಡೆಯುತ್ತಿತ್ತು. ಸಂಜೆ ಐದಕ್ಕೆ ಹೋದ ಕರೆಂಟು ಬಂದಿರಲಿಲ್ಲ. ಪಾಲಿಗಾನ್ ಅನ್ನುವ ಇನ್ನೊಂದು ನೆಟ್‌ವರ್ಕ್‌ನಲ್ಲಿದ್ದ ಯುಎಸ್‌ಡಿಸಿಯನ್ನು (ಒಂದಕ್ಕೆ ಒಂದು ಡಾಲರ್ ಬೆಲೆಯ ಟೋಕನ್) ಆರ್ಬಿಟ್ರಮ್‌ಗೆ ಕಳಿಸಿ, ಅಲ್ಲಿಂದ ಎಕ್ಸ್‌ಚೇಂಜ್‌ಗೆ ಹಾಕಿ ಮಾರುವ ಯೋಚನೆ. ಜಗಲಿಯ ಕಂಬದ ಹತ್ತಿರ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಅಲ್ಲೇ ನಿಂತು ಮೊಬೈಲ್‌ನಲ್ಲಿ ಅಪ್ರೂವ್ ಒತ್ತಿದೆ, ಕನ್ಫರ್ಮ್ ಒತ್ತಿದೆ. ಬ್ರಿಡ್ಜ್ ಹೆಸರು ಬೇಡ, ತಪ್ಪು ಅರ್ಧಕ್ಕಿಂತ ಜಾಸ್ತಿ ನನ್ನದೇ. ನೀಲಿ ಚಕ್ರ ತಿರುಗುತ್ತಾ ‘ಪೆಂಡಿಂಗ್’ ಅಂತ ನಿಂತಿತು. ಐದು ನಿಮಿಷ ಅಂದಿದ್ದು ನಲವತ್ತು ನಿಮಿಷವಾಯ್ತು. ಒಳಗಿಂದ ಆಯಿ, “ತಮ್ಮಾ, ಊಟಕ್ಕೆ ಬಾರೋ” ಅಂತ ಮೂರು ಸಲ ಕರೆದಳು.

ಸುಮ್ನೆ ಕಾಯಬೇಕಿತ್ತು. ಕಾಯಲಿಲ್ಲ. ಆ ಬ್ರಿಡ್ಜ್‌ನ ಟೆಲಿಗ್ರಾಂ ಗುಂಪಿನಲ್ಲಿ “ನನ್ನ ದುಡ್ಡು ಸಿಕ್ಕಿಹಾಕಿಕೊಂಡಿದೆ” ಅಂತ ಬರೆದೆ. ಅರ್ಧ ನಿಮಿಷದೊಳಗೆ ‘ಸಪೋರ್ಟ್’ ಅನ್ನುವ ಒಬ್ಬ ಖಾಸಗಿಯಾಗಿ ಮೆಸೇಜ್ ಮಾಡಿದ. ತುಂಬಾ ಮರ್ಯಾದೆಯ ಮಾತು. ಎರಡು ನಿಮಿಷ ಸಮಾಧಾನ ಹೇಳಿ, ಆಮೇಲೆ ವಾಲೆಟ್‌ನ ಹನ್ನೆರಡು ಪದ ಕೊಡಿ ಅಂದ. ಅಲ್ಲಿಗೆ ನನಗೆ ಎಚ್ಚರವಾಯ್ತು. ಆ ಹನ್ನೆರಡು ಪದ ಕೊಡುವುದೂ ಕಪಾಟಿನ ಬೀಗದಕೈ ಕೊಡುವುದೂ ಒಂದೇ. ನಿಜವಾದ ಸಪೋರ್ಟ್‌ನವರು ಅದನ್ನು ಯಾವತ್ತೂ ಕೇಳುವುದಿಲ್ಲ, ತಾವಾಗಿ ಮೊದಲು ಮೆಸೇಜ್ ಮಾಡುವುದೂ ಇಲ್ಲ. ಬ್ಲಾಕ್ ಮಾಡಿ ಊಟಕ್ಕೆ ಹೋದೆ. ಊಟ ಮುಗಿಯುವಷ್ಟರಲ್ಲಿ ದುಡ್ಡು ಆಚೆ ಬಂದಿತ್ತು.

ಅಸಲು ಎಡವಟ್ಟು ಆಮೇಲೆ. ಬಂದದ್ದು ಯುಎಸ್‌ಡಿಸಿ ಅಲ್ಲ, ‘ಯುಎಸ್‌ಡಿಸಿ ಡಾಟ್ ಇ’. ಆ ವರ್ಷದ ಜೂನ್‌ನಲ್ಲಷ್ಟೇ ಸರ್ಕಲ್ ಕಂಪನಿ ಆರ್ಬಿಟ್ರಮ್‌ನಲ್ಲಿ ತನ್ನದೇ ಅಸಲಿ ಯುಎಸ್‌ಡಿಸಿ ಬಿಟ್ಟಿತ್ತು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಬ್ರಿಡ್ಜ್ ದಾಟಿ ಬಂದ ರಸೀದಿ. ಅದಕ್ಕೆ ಕೊನೆಯಲ್ಲಿ ‘ಇ’ ಸೇರಿಸಿದರು. ವಾಲೆಟ್‌ನಲ್ಲಿ ಎರಡಕ್ಕೂ ಅದೇ ನೀಲಿ ಗುರುತು. ನಾನು ನೋಡದೇ ಎಕ್ಸ್‌ಚೇಂಜ್‌ಗೆ ಕಳಿಸಿದೆ. ಅವರು ಅಸಲಿ ಯುಎಸ್‌ಡಿಸಿ ಮಾತ್ರ ತೆಗೆದುಕೊಳ್ಳುತ್ತಿದ್ದರು. ಒಂದು ಸೊಸೈಟಿಯ ರಸೀದಿ ಹಿಡಿದುಕೊಂಡು ಇನ್ನೊಂದು ಮಂಡಿಗೆ ಹೋಗಿ ಅಡಿಕೆ ಕೊಡಿ ಅಂದ ಹಾಗಾಯ್ತು. ದುಡ್ಡು ಅವರ ವಿಳಾಸದಲ್ಲಿ ಕಣ್ಣಿಗೆ ಕಾಣುತ್ತದೆ, ನನ್ನ ಖಾತೆಯಲ್ಲಿ ಸೊನ್ನೆ. ಇಮೇಲ್ ಮೇಲೆ ಇಮೇಲ್ ಹಾಕಿ ವಾಪಸ್ ಬರಲು ಮೂರು ವಾರ ಹಿಡಿಯಿತು. ಅದಕ್ಕೆ ಒಂದಿಷ್ಟು ಶುಲ್ಕ ಬೇರೆ ಹಿಡಿದುಕೊಂಡರು.

ಅದಾದ ಮೇಲೆ ಯುಎಸ್‌ಡಿಸಿ ದಾಟಿಸುವುದಾದರೆ ಸರ್ಕಲ್‌ನದೇ ಸಿಸಿಟಿಪಿ ಅನ್ನುವ ವ್ಯವಸ್ಥೆ ಬಳಸುವ ಬ್ರಿಡ್ಜ್ ಹುಡುಕುತ್ತೇನೆ. ಅದರಲ್ಲಿ ಬೀಗ, ರಸೀದಿ ಏನೂ ಇಲ್ಲ. ಈ ಕಡೆಯ ಟೋಕನ್ ಸುಟ್ಟುಹಾಕಿ ಆ ಕಡೆ ಅಸಲಿಯನ್ನೇ ಹೊಸದಾಗಿ ಹುಟ್ಟಿಸುತ್ತಾರೆ. ಎಷ್ಟೇ ಮೊತ್ತ ಇದ್ದರೂ ಮೊದಲು ಐದು ಡಾಲರ್ ಕಳಿಸಿ ನೋಡುತ್ತೇನೆ. ಮತ್ತೆ, ಆಚೆ ದಡದ ಗ್ಯಾಸ್‌ಗೆ ಮುಂಚೆಯೇ ಸ್ವಲ್ಪ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ಪಾಲಿಗಾನ್‌ಗೆ ಹೋದಾಗ ಜೇಬು ತುಂಬಾ ದುಡ್ಡು, ಬಸ್ ಟಿಕೆಟ್‌ಗೆ ಚಿಲ್ಲರೆ ಇಲ್ಲದ ಪರಿಸ್ಥಿತಿ. ಹುಬ್ಬಳ್ಳಿಯ ಗೆಳೆಯ ಒಂದು ಮ್ಯಾಟಿಕ್ (ಆಗ ಅಲ್ಲಿ ಗ್ಯಾಸ್‌ಗೆ ಬೇಕಿದ್ದ ನಾಣ್ಯ) ಕಳಿಸಿದ ಮೇಲೆ ಅಲ್ಲಿಂದ ಅಲ್ಲಾಡಿದೆ.

ಅಕ್ಕನ ಮನೆ ಕಾರವಾರದ ಸದಾಶಿವಗಡದಲ್ಲಿ. ಒಮ್ಮೆ ಭಾವನಿಗೆ ಇದನ್ನೆಲ್ಲಾ ವಿವರಿಸುತ್ತಿದ್ದೆ. ಕವಳ ಹಾಕಿಕೊಂಡು ಪೂರ್ತಿ ಕೇಳಿ, “ಬ್ರಿಡ್ಜ್ ಅಂದ್ರೆ ನಮ್ಮ ಕಾಳಿ ಸೇತುವೆ ತರಹದ್ದಾ? ಅದೂ ಬಿತ್ತಲ್ಲ ಮಾರಾಯಾ!” ಅಂದರು. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಮಧ್ಯರಾತ್ರಿ ಲಾರಿ ಸಮೇತ ಹೊಳೆಗೆ ಕುಸಿದದ್ದು ಅವರ ಮನೆಯ ಹತ್ತಿರವೇ. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದರೆ ಇವೂ ಬಿದ್ದಿವೆ. 2022ರ ಮಾರ್ಚ್‌ನಲ್ಲಿ ರೋನಿನ್ ಬ್ರಿಡ್ಜ್‌ನಿಂದ 60 ಕೋಟಿ ಡಾಲರ್‌ಗೂ ಜಾಸ್ತಿ ಕದ್ದರು. ಒಂಬತ್ತು ಬೀಗದಕೈಗಳಲ್ಲಿ ಐದು ಸಿಕ್ಕರೆ ಗೋದಾಮು ತೆರೆಯುತ್ತಿತ್ತು, ಕಳ್ಳರಿಗೆ ಐದೂ ಸಿಕ್ಕಿದವು. ಕಳುವಾದದ್ದು ಗೊತ್ತಾಗಿದ್ದು ಆರು ದಿನದ ಮೇಲೆ, ಯಾರೋ ಒಬ್ಬ ಗಿರಾಕಿ ದುಡ್ಡು ತೆಗೆಯಲು ಹೋಗಿ ಬರದಿದ್ದಾಗ! ನಮ್ಮೂರಲ್ಲಿ ಗೊನೆ ಕದ್ದರೂ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ. ಅದೇ ವರ್ಷ ವರ್ಮ್‌ಹೋಲ್, ನೋಮ್ಯಾಡ್ ಬ್ರಿಡ್ಜ್‌ಗಳೂ ಲೂಟಿಯಾದವು.

ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದಿಲ್ಲ. ಅಪ್ರೂವ್ ಒತ್ತುವಾಗ ಎಷ್ಟೋ ಬ್ರಿಡ್ಜ್‌ಗಳು ನಮ್ಮ ವಾಲೆಟ್‌ನಿಂದ ಟೋಕನ್ ತೆಗೆಯಲು ‘ಅನ್‌ಲಿಮಿಟೆಡ್’ ಅನುಮತಿ ಕೇಳುತ್ತವೆ. ಕೆಲಸ ಮುಗಿದ ಮೇಲೂ ಆ ಅನುಮತಿ ಹಾಗೇ ಇರುತ್ತದೆ. 2024ರ ಜನವರಿಯಲ್ಲಿ ಸಾಕೆಟ್ ಅನ್ನುವ ಬ್ರಿಡ್ಜ್ ವ್ಯವಸ್ಥೆಗೆ ಕನ್ನ ಬಿದ್ದಾಗ ಇಂಥ ಹಳೆ ಅನುಮತಿ ಇದ್ದವರ ವಾಲೆಟ್‌ನಿಂದಲೇ ಸುಮಾರು 33 ಲಕ್ಷ ಡಾಲರ್ ಹೋಯ್ತು. ಆ ಸುದ್ದಿ ಓದಿ ನನ್ನ ವಾಲೆಟ್ ತೆಗೆದು ನೋಡಿದೆ. ಹದಿನೇಳು ಅನುಮತಿ ಬಾಕಿ ಇದ್ದವು! ಕೂತು ಒಂದೊಂದನ್ನೇ ರದ್ದು ಮಾಡಿದೆ. ಈಗ ದಾಟಿಸುವಷ್ಟೇ ಮೊತ್ತ ಟೈಪ್ ಮಾಡಿ ಅನುಮತಿ ಕೊಡುತ್ತೇನೆ.

ಆರ್ಬಿಟ್ರಮ್‌ನ ಸ್ವಂತ ಬ್ರಿಡ್ಜ್‌ಗೆ ಬರೋಣ. ಇಥೀರಿಯಮ್‌ನಿಂದ ಅಲ್ಲಿಗೆ ಹೋಗಲು ಹತ್ತು-ಹದಿನೈದು ನಿಮಿಷ. ಯಾವತ್ತೂ ಕೈ ಕೊಟ್ಟಿಲ್ಲ. ವಾಪಸ್ ಬರಲು ಮಾತ್ರ ಏಳು ದಿನ. ಮೊದಮೊದಲು ಸಿಟ್ಟು ಬರುತ್ತಿತ್ತು. ಕಾರಣ ತಿಳಿದ ಮೇಲೆ ಸರಿ ಅನ್ನಿಸಿತು. ಜಮೀನಿನ ಖಾತೆ ಬದಲಾಯಿಸುವಾಗ ನೋಟಿಸ್ ಹಚ್ಚಿ, ತಕರಾರು ಇದ್ದವರು ಬನ್ನಿ ಅಂತ ಕಾಯುತ್ತಾರಲ್ಲ, ಇದೂ ಹಾಗೆ. ಸುಳ್ಳು ಲೆಕ್ಕ ಇದ್ದರೆ ತಕರಾರು ಎತ್ತಲು ಏಳು ದಿನ ಬಿಟ್ಟಿರುತ್ತಾರೆ. ಅರ್ಜೆಂಟ್ ಇದ್ದವರಿಗೆ ಫಾಸ್ಟ್ ಬ್ರಿಡ್ಜ್ ಇದೆ. ಅಲ್ಲಿ ಯಾರೋ ದುಡ್ಡಿದ್ದವನು ಆಚೆ ದಡದಲ್ಲಿ ತನ್ನ ಕೈಯಿಂದ ಮುಂಗಡ ಕೊಟ್ಟು, ಕಮಿಷನ್ ಹಿಡಿದು, ಕಾಯುವ ಕೆಲಸ ತಾನು ಮಾಡುತ್ತಾನೆ. ನೂರಿನ್ನೂರು ಡಾಲರ್‌ಗೆ ನಾನು ಹಾಗೇ ಮಾಡುತ್ತೇನೆ, ಕಮಿಷನ್ ಒಂದು ಡಾಲರ್ ಒಳಗೇ ಮುಗಿಯುತ್ತದೆ. ಮೊತ್ತ ದೊಡ್ಡದಾದರೆ ಏಳು ದಿನವೇ ವಾಸಿ.

ತೆರಿಗೆ ಲೆಕ್ಕವನ್ನೂ ನೆನಪಿಡಿ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30 ಪರ್ಸೆಂಟ್, ಆ ಜುಲೈನಿಂದ ಮಾರುವಾಗ 1 ಪರ್ಸೆಂಟ್ ಟಿಡಿಎಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಅಂದರೆ ಬ್ರಿಡ್ಜ್ ಫೀ ನಿಮ್ಮ ಜೇಬಿಗೇ. ಪ್ರತಿ ಸಲದ ಹ್ಯಾಶ್ (ವಹಿವಾಟಿನ ಗುರುತಿನ ಸಂಖ್ಯೆ), ದಿನಾಂಕ, ಅವತ್ತಿನ ಬೆಲೆ ಬರೆದಿಟ್ಟುಕೊಂಡರೆ ಮಾರ್ಚ್ ಕೊನೆಯಲ್ಲಿ ಆಡಿಟರ್ ಹತ್ತಿರ ಬೈಸಿಕೊಳ್ಳುವುದು ತಪ್ಪುತ್ತದೆ.

ಅಂಕ ಕೊಡಲೇಬೇಕು ಅಂದರೆ ಸ್ವಂತ ಬ್ರಿಡ್ಜ್‌ಗೆ ಐದಕ್ಕೆ ನಾಲ್ಕು, ಫಾಸ್ಟ್ ಬ್ರಿಡ್ಜ್‌ಗಳಿಗೆ ಮೂರು. ನಾಲ್ಕಕ್ಕೆ ಯಾಕೆ ನಿಲ್ಲಿಸಿದೆ ಅಂದರೆ, ಏಳು ದಿನ ಮುಗಿದ ಕೂಡಲೇ ದುಡ್ಡು ತಾನಾಗಿ ಬರುವುದಿಲ್ಲ. ನಾವೇ ಹೋಗಿ ಕ್ಲೇಮ್ ಒತ್ತಬೇಕು, ಅದಕ್ಕೆ ಇಥೀರಿಯಮ್‌ನಲ್ಲಿ ಮತ್ತೆ ಗ್ಯಾಸ್ ಬೇಕು. ಒಮ್ಮೆ ಮರೆತು ಹನ್ನೊಂದನೇ ದಿನ ನೋಡಿದ್ದೆ. ಈ ಸಲ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಮುಂದಿನ ಗುರುವಾರಕ್ಕೆ ಕೆಂಪು ಪೆನ್ನಿನಲ್ಲಿ ‘ಗ್ಯಾಸ್’ ಅಂತ ಬರೆದಿಟ್ಟಿದ್ದೇನೆ. ಅದನ್ನು ನೋಡಿ ಆಯಿ ನಿನ್ನೆಯೇ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಬಂದು ಅಂಗಳದ ತುದಿಯಲ್ಲಿ ನಿಲ್ಲಿಸಿದ್ದಾಳೆ.