ಹಳೆ ಡೈ ಮೇಲೆ ಬ್ಲೀಚ್ ಹಚ್ಚಿಸಿಕೊಳ್ಳುವ ಮೊದಲು ಇದನ್ನು ಓದಿ

ಆರು ತಿಂಗಳ ಹಿಂದೆ ನನ್ನ ಕೂದಲು ಭುಜ ದಾಟಿ ಒಂದು ಗೇಣು ಇಳಿದಿತ್ತು. ಈಗ ಕಿವಿಯ ಕೆಳಗೆ ನಿಂತಿದೆ. ಸ್ಟೈಲ್‌ಗೆ ಅಂತ ಕತ್ತರಿಸಿದ್ದಲ್ಲ. ತುಂಡು ತುಂಡಾಗಿ ಉದುರಿದ ಮೇಲೆ ಉಳಿದದ್ದನ್ನು ಸಮ ಮಾಡಿಸಬೇಕಾಯಿತು. ಬಲಯಾಜ್, ಹೈಲೈಟ್ಸ್ ಅಂತ ಕೂದಲಿನ ಕೆಲವು ಎಳೆಗಳನ್ನು ಬ್ಲೀಚ್‌ನಲ್ಲಿ ತಿಳಿ ಮಾಡಿಸಲು ಯೋಚಿಸುತ್ತಿರುವವರು, ಅದರಲ್ಲೂ ಮನೆಯಲ್ಲೇ ಕಪ್ಪು ಡೈ ಹಚ್ಚುವ ರೂಢಿ ಇರುವವರು, ದಯವಿಟ್ಟು ಒಂದೈದು ನಿಮಿಷ ಕೊಡಿ.

ಮೂರು ವರ್ಷದಿಂದ ನಾನು ಹೆಚ್ಚುಕಡಿಮೆ ಪ್ರತಿ ತಿಂಗಳೂ ಪ್ಯಾಕೆಟ್ ಡೈ ಹಚ್ಚುತ್ತಿದ್ದೆ. ಬುಡಕ್ಕೆ ಮಾತ್ರ ಅಲ್ಲ, ತುದಿಯವರೆಗೂ. ನಡುವೆ ಕೆಲವು ಸಲ 'ಕಪ್ಪು ಮೆಹಂದಿ' ಅಂತ ಬರುವ ಪುಡಿಯನ್ನೂ ಹಚ್ಚಿದ್ದೆ. ಆಮೇಲೆ ಕಪ್ಪು ಸಾಕಾಯಿತು. ಎರಡು ತಿಂಗಳು ಏನೂ ಹಚ್ಚದೆ ಬಿಟ್ಟು, ಮೊಬೈಲಿನಲ್ಲಿ ಒಂದು ಫೋಟೋ ಇಟ್ಟುಕೊಂಡು ಸಲೂನಿಗೆ ಹೋದೆ. ಬುಡ ಗಾಢ ಕಂದು, ಕೆಳಗೆ ಇಳಿಯುತ್ತಾ ಜೇನಿನ ಬಣ್ಣ. ಸ್ಟೈಲಿಸ್ಟ್ ಫೋಟೋ ನೋಡಿದರು. ನನ್ನ ಕೂದಲನ್ನು ಒಮ್ಮೆ ಕೈಯಲ್ಲಿ ಎತ್ತಿ ಬಿಟ್ಟರು. "ಆಗುತ್ತೆ ಮೇಡಂ, ಇವತ್ತೇ ಮುಗಿಸಿಬಿಡೋಣ" ಅಂದರು. ಹಿಂದೆ ಏನು ಹಚ್ಚಿದ್ದೀರಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ಹೇಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮೊದಲ ಸಲ ಹಚ್ಚಿದ ಬ್ಲೀಚ್ ಅರ್ಧ ಗಂಟೆಯಾದರೂ ಕೂದಲನ್ನು ಮಸುಕು ಕೆಂಪಿನಿಂದ ಮುಂದಕ್ಕೆ ತರಲಿಲ್ಲ. "ನಿಮ್ಮ ಕೂದಲು ಬೇಗ ಬಣ್ಣ ಬಿಡಲ್ಲ" ಅಂದರು. 40 ವಾಲ್ಯೂಮ್ ಡೆವಲಪರ್ (ಬ್ಲೀಚ್ ಪುಡಿಗೆ ಬೆರೆಸುವ ಪೆರಾಕ್ಸೈಡ್ ದ್ರವ, 40 ಅಂದರೆ ತುಂಬಾ ಖಡಕ್) ಕಲಸಿಕೊಂಡು ಬಂದು, ಈ ಸಲ ಬುಡದ ಹತ್ತಿರದಿಂದಲೇ ಹಚ್ಚಿ, ಮತ್ತೆ ಫಾಯಿಲ್‌ನಲ್ಲಿ ಸುತ್ತಿದರು. ಹತ್ತು ನಿಮಿಷಕ್ಕೆ ಒಂದು ಫಾಯಿಲ್ ಕುತ್ತಿಗೆಗೆ ತಾಗಿತು. ಆಗಷ್ಟೇ ಕಾಫಿ ಹಾಕಿದ ಸ್ಟೀಲ್ ಲೋಟದ ಹಾಗೆ ಚುರುಕ್ ಅಂತು. ಬಿಸಿ ಇದೆ ಅಂದೆ. "ಕೆಲಸ ಮಾಡ್ತಾ ಇದೆ, ಹಾಗೇ ಇರುತ್ತೆ" ಅಂದರು. ಸುಮ್ನೆ ಕೂತೆ.

ತೊಳೆಯುವಾಗ ಅವರ ಕೈ ಥಟ್ಟನೆ ನಿಂತಿತು. ಮಾತೂ ನಿಂತಿತು. ಬುಡದಿಂದ ಎರಡು ಬೆರಳಿನಷ್ಟು ಹಳದಿ-ಕಿತ್ತಳೆ, ನಡುವೆ ತಾಮ್ರದ ಕೆಂಪು, ತುದಿ ಇನ್ನೂ ಕಪ್ಪು. ಒಂದು ಎಳೆ ಹಿಡಿದು ಎಳೆದು ನೋಡಿದೆ. ರಬ್ಬರಿನ ಹಾಗೆ ಉದ್ದವಾಯಿತು, ವಾಪಸ್ ಬರಲಿಲ್ಲ. ಬಾಚಣಿಗೆ ಹಾಕಿದರೆ ಬೆರಳುದ್ದದ ತುಂಡುಗಳು ಬಂದವು. ಬುಡಸಮೇತ ಉದುರಿದ್ದಲ್ಲ, ನಡುವಿನಲ್ಲಿ ಮುರಿದದ್ದು. ಮನೆಗೆ ಬಂದು ಮೂರು ದಿನ ತಲೆ ಬಾಚಲಿಲ್ಲ.

ಆಮೇಲೆ ಬಹಳ ವರ್ಷ ಅನುಭವ ಇರುವ ಇನ್ನೊಬ್ಬ ಸ್ಟೈಲಿಸ್ಟ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ "ಮೂರು ವರ್ಷದಲ್ಲಿ ಏನೇನು ಹಚ್ಚಿದ್ದೀರಿ?" ಅಂತ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್, ಸ್ವಲ್ಪ ಜಾಸ್ತಿ ಇರಬಹುದು. ಅಂದರೆ ನನ್ನ ತುದಿ ಕೂದಲಿಗೆ ಮೂರು ವರ್ಷಕ್ಕೂ ಜಾಸ್ತಿ ವಯಸ್ಸು. ಅಷ್ಟೂ ವರ್ಷದ ಡೈ ಅಲ್ಲಿ ಪದರ ಪದರವಾಗಿ ಕೂತಿತ್ತು. ಬುಡದ ಎರಡು ಸೆಂಟಿಮೀಟರ್ ಮಾತ್ರ ಏನೂ ತಾಗದ ಹೊಸ ಕೂದಲು. ಅದಕ್ಕೆ ನೆತ್ತಿಯ ಶಾಖವೂ ಸೇರಿ ಬೇಗ ಬಣ್ಣ ಬಿಟ್ಟಿತು. ಒಂದೇ ತಲೆಯಲ್ಲಿ ಎರಡು ಥರದ ಕೂದಲು ಇದ್ದವು. ಎರಡಕ್ಕೂ ಒಂದೇ ಬ್ಲೀಚ್ ಬಿತ್ತು.

ಬಣ್ಣದಿಂದ ಹಳೆ ಬಣ್ಣ ಹೋಗುವುದಿಲ್ಲ. ಕಪ್ಪು ಡೈ ಹಚ್ಚಿದ ಕೂದಲಿಗೆ ತಿಳಿ ಕಂದು ಡೈ ಹಚ್ಚಿದರೆ ತಿಳಿಯಾಗಲ್ಲ, ಬ್ಲೀಚ್ ಬೇಕು. ಬ್ಲೀಚ್ ಹಚ್ಚಿದರೂ ಕಪ್ಪು ನೇರವಾಗಿ ಜೇನಿನ ಬಣ್ಣಕ್ಕೆ ಬರಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಬ್ಲೀಚ್ ಆದ ಮೇಲೆ ಉಳಿದ ಛಾಯೆ ಸರಿಮಾಡಲು ಹಚ್ಚುವುದು ಟೋನರ್. ಕಿತ್ತಳೆ ತಗ್ಗಿಸಲು ನೀಲಿ ಟೋನರ್, ಹಳದಿಗೆ ನೇರಳೆ. ಡೆವಲಪರ್‌ನಲ್ಲಿ 20 ವಾಲ್ಯೂಮ್ ಅಂದರೆ 6% ಪೆರಾಕ್ಸೈಡ್, 40 ಅಂದರೆ 12%. ಹಳೆ ಡೈ ತೆಗೆಯುವುದಾದರೆ ಕಡಿಮೆ ವಾಲ್ಯೂಮ್ ಇಟ್ಟು, ವಾರಗಳ ಅಂತರ ಬಿಟ್ಟು, ಎರಡು ಮೂರು ಸಲ ಕೂರಬೇಕು. ಗಡಿಬಿಡಿಗೆ ಸಿಗುವ ಬಣ್ಣ ಅಲ್ಲ ಅದು.

ಆ 'ಕಪ್ಪು ಮೆಹಂದಿ' ಪುಡಿಯ ವಿಷಯ ಕೇಳಿದಾಗ ಅವರ ಮುಖವೇ ಬದಲಾಯಿತು. ಬರೀ ಮೆಹಂದಿ ಎಲೆ ಕೊಡುವುದು ಕೆಂಪು-ಕಿತ್ತಳೆ ಬಣ್ಣ. ಪುಡಿ ಕಪ್ಪು ಮಾಡುತ್ತೆ ಅಂದರೆ ಅದರಲ್ಲಿ ಇನ್ನೇನೋ ಬೆರೆತಿದೆ ಅಂತಲೇ ಅರ್ಥ. ಇಂಡಿಗೊ (ನೀಲಿ ಗಿಡದ ಎಲೆಪುಡಿ) ಇರಬಹುದು, ಪಿಪಿಡಿ (ಕಪ್ಪು ಡೈಗಳಲ್ಲಿ ಹಾಕುವ ರಾಸಾಯನಿಕ) ಇರಬಹುದು, ಕೆಲವದರಲ್ಲಿ ಲೋಹದ ಲವಣಗಳೂ ಇರುತ್ತವೆ. ಲೋಹದ ಲವಣ ಪೆರಾಕ್ಸೈಡ್ ಜೊತೆ ಸೇರಿದರೆ ಕೂದಲೇ ಬಿಸಿಯಾಗುತ್ತದೆ, ಮುರಿಯುತ್ತದೆ. ನನ್ನ ಪ್ಯಾಕೆಟ್ ಮೇಲೆ ಒಳಗೆ ಏನೇನಿದೆ ಅಂತ ಬರೆದೇ ಇರಲಿಲ್ಲ. ಅಂಥ ಪುಡಿ ಹಚ್ಚಿದ್ದರೆ ಮುಚ್ಚಿಡಬೇಡಿ. ನಾಚಿಕೆ ಪಡುವ ವಿಷಯವೂ ಅಲ್ಲ.

ಇದೆಲ್ಲ ಮೊದಲೇ ಗೊತ್ತಾಗುತ್ತಿತ್ತು, ಸ್ಟ್ರಾಂಡ್ ಟೆಸ್ಟ್ ಮಾಡಿದ್ದರೆ. ಹಿಂಭಾಗದಲ್ಲಿ ಕಾಣದ ಕಡೆ ಒಂದು ಸಣ್ಣ ಎಳೆ ತೆಗೆದುಕೊಂಡು ಅದಕ್ಕೆ ಮಾತ್ರ ಬ್ಲೀಚ್ ಹಚ್ಚಿ ನೋಡುವುದು. ಎಷ್ಟು ತಿಳಿಯಾಗುತ್ತೆ, ಬಿಸಿಯಾಗುತ್ತಾ, ಎಳೆದರೆ ತಡೆಯುತ್ತಾ, ಎಲ್ಲಾ ಅದರಲ್ಲೇ ಕಾಣುತ್ತದೆ. ಬೇಡ ಅನ್ನುವವರ ಹತ್ತಿರ ತಲೆ ಕೊಡಬೇಡಿ. ಡೈಗೆ ಇನ್ನೊಂದು ಪರೀಕ್ಷೆಯೂ ಇದೆ. 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡುವ ಪ್ಯಾಚ್ ಟೆಸ್ಟ್. ಪಿಪಿಡಿ ಅಲರ್ಜಿ ವರ್ಷಗಟ್ಟಲೆ ಹಚ್ಚಿದ ಮೇಲೂ ಶುರುವಾಗಬಹುದು. ಹಿಂದೆ ಏನೂ ಆಗಿಲ್ಲ ಅಂತ ಬಿಡಬೇಡಿ.

ಯಾವ ವಿಧಾನ ನಿಮಗೆ ಸರಿ ಅನ್ನುವುದನ್ನು ಫೋಟೋ ನೋಡಿ ತೀರ್ಮಾನ ಮಾಡುವುದೇ ತಪ್ಪು ಅಂತ ಈಗ ನನಗೆ ಅನಿಸುತ್ತದೆ. ಬಲಯಾಜ್ ಅಂದರೆ ಬ್ರಷ್‌ನಲ್ಲಿ ಕೈಯಿಂದ ಸವರುವುದು. ಬುಡದಲ್ಲಿ ಗೆರೆ ಕಾಣಲ್ಲ, ಬೆಳೆದರೂ ಚೆನ್ನಾಗಿರುತ್ತೆ, ಪದೇ ಪದೇ ಓಡಬೇಕಿಲ್ಲ. ಆದರೆ ಬ್ಲೀಚ್ ಬೀಳುವುದು ಹೆಚ್ಚಾಗಿ ಹಳೆಯ, ದಣಿದ ತುದಿಗೆ. ಅದಕ್ಕೇ ಡೈ ತುಂಬಿದ ಕೂದಲಿಗೆ ಅದು ಕಷ್ಟ. ಫಾಯಿಲ್ ಹೈಲೈಟ್ಸ್ ಜಾಸ್ತಿ ತಿಳಿಯಾಗುತ್ತೆ, ಬುಡ ಬೆಳೆದಂತೆ ಗೆರೆಯೂ ಎದ್ದು ಕಾಣುತ್ತೆ. ನರೆ ಮುಚ್ಚುವುದಷ್ಟೇ ಬೇಕಿದ್ದರೆ ರೂಟ್ ಟಚಪ್ ಸಾಕಲ್ವಾ? ಇಡೀ ಕೂದಲಿಗೆ ಪ್ರತಿ ಸಲ ಯಾಕೆ ಹಚ್ಚಬೇಕು? ನಾನು ಹಾಳಾದದ್ದು ಅಲ್ಲಿಂದಲೇ. ಬಣ್ಣಕ್ಕೆ ಸ್ವಲ್ಪ ಹೊಳಪು ಬೇಕು ಅಷ್ಟೇ ಅನ್ನುವವರಿಗೆ ಬ್ಲೀಚ್ ಇಲ್ಲದ, ನಿಧಾನವಾಗಿ ಮಾಸಿಹೋಗುವ ಡೆಮಿ ಪರ್ಮನೆಂಟ್ ಕಲರ್ ಇದೆ. ನನಗೆ ಯಾರೂ ಅದರ ಹೆಸರೂ ಹೇಳಿರಲಿಲ್ಲ.

ಹೋಗುವ ಮೊದಲು ಮನೆಯಲ್ಲಿ ಒಂದು ಒದ್ದೆ ಎಳೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಕೂದಲಿಗೆ ಜೀವ ಇದೆ. ಹಿಗ್ಗಿ ಹಾಗೇ ನಿಂತರೆ, ಇಲ್ಲ ಪಟ್ ಅಂತ ಮುರಿದರೆ, ಆ ದಿನ ಬ್ಲೀಚ್ ಬೇಡ.

ಈಗಾಗಲೇ ಕುರ್ಚಿಯಲ್ಲಿ ಕೂತಿದ್ದೀರಿ, ಫಾಯಿಲ್ ಬಿಸಿಯಾಗುತ್ತಿದೆ ಅಥವಾ ನೆತ್ತಿ ಉರಿಯುತ್ತಿದೆ ಅಂದರೆ ಗಟ್ಟಿಯಾಗಿ "ಈಗಲೇ ತೊಳೀರಿ" ಅನ್ನಿ. ಅರ್ಧಕ್ಕೆ ನಿಲ್ಲಿಸಿದರೆ ಬಣ್ಣ ಕೆಡಬಹುದು, ಕೆಡಲಿ. ಅವರು ಏಳದಿದ್ದರೆ ನೀವೇ ಎದ್ದು ಸಿಂಕಿನ ಹತ್ತಿರ ಹೋಗಿ. ನಾನು ಅವತ್ತು ಒಂದೇ ಸಲ ಹೇಳಿದೆ, ಅದೂ ಮೆಲ್ಲಗೆ.