ವೆನಿಲಾ ಕ್ಯಾವೆಂಡಿಶ್, ಸಾದಾ ವರ್ಜೀನಿಯಾ: ಕಲಬುರಗಿಯ ಬಿಸಿಲಿಗೆ ಯಾವುದು?

ಪೈಪ್ ಸೇದುವ ಹಿರಿಯರು ಯಾವ ತಂಬಾಕು ಕೊಳ್ಳಲಿ ಎಂದು ಕೇಳಿದರೆ ನಾನು ಮೊದಲು ಬಿಸಿಲನ್ನು ನೋಡುತ್ತೇನೆ. ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ. ಡಬ್ಬಿ ತೆರೆದಿಟ್ಟರೆ ಸಾದಾ ವರ್ಜೀನಿಯಾ, ಅಂದರೆ ಪರಿಮಳ ಬೆರೆಸದ ವರ್ಜೀನಿಯಾ ತಳಿಯ ತಂಬಾಕು, ಬೇಗ ಒಣಗಿ ಪುಡಿಯಾಗುತ್ತದೆ. ವೆನಿಲಾ ಕ್ಯಾವೆಂಡಿಶ್ ಹಾಗಲ್ಲ. ಎಲೆಗೆ ಸಿಹಿ ಬೆರೆಸಿ, ಆವಿ ಕೊಟ್ಟು, ಒತ್ತಿ ಹದಗೊಳಿಸಿರುವುದರಿಂದ ತೇವ ಹಿಡಿದಿರುತ್ತದೆ. ಅದರ ಕೊರತೆಯೂ ಅದೇ: ಅವಸರದಿಂದ ಎಳೆದರೆ ಬಿಸಿ ಆವಿ ನಾಲಿಗೆಯನ್ನು ಸುಡುತ್ತದೆ. ಸೇದುವ ಮೊದಲು ಅರ್ಧ ಗಂಟೆ ಕಾಗದದ ಮೇಲೆ ಹರವಿಡಿ.

ವೆನಿಲಾದ ಪರಿಮಳದ ಸೊಗಸು ಬಾಯಿಗಿಂತ ಕೋಣೆಗೇ ಹೆಚ್ಚು. ನಾಲಿಗೆಗೆ ರುಚಿ ಬೇಕೆನ್ನುವವರಿಗೆ ವರ್ಜೀನಿಯಾದ ಒಣಹುಲ್ಲಿನಂಥ ಸಹಜ ಸಿಹಿಯೇ ಸರಿ. ನಿಕೋಟಿನ್, ಬಾಯಿಯ ಕ್ಯಾನ್ಸರಿನ ಅಪಾಯ ಎರಡರಲ್ಲೂ ಇವೆ. ಹೊಸಬರಿಗೆ ಎರಡೂ ಬೇಡ. ಬಿಡಲಾಗದ ನನಗೆ ಮಾತ್ರ, ಮೊದಲ ಮಳೆ ಬಿದ್ದ ಸಂಜೆ ಮಾಳಿಗೆಯ ಮೇಲೆ ಕುಳಿತಾಗ, ವೆನಿಲಾವೇ ಬೇಕು.