ವುಡ್ ಸ್ಟೌವ್ ಬಾಗಿಲ ಹಿಡಿಗೆ ಪರ್ಮಟೆಕ್ಸ್ ಕಾಪರ್ ಆಂಟಿ-ಸೀಜ್: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಇಲ್ಲ

ವುಡ್ ಸ್ಟೌವ್ ಎಂದರೆ ಸೌದೆ ಉರಿಸಿ ಮನೆ ಬೆಚ್ಚಗಿಡುವ ಒಲೆ. ಅದರ ಬಾಗಿಲ ಹಿಡಿಯ ಶಾಫ್ಟ್ (ಹಿಡಿಯ ಜೊತೆ ತಿರುಗುವ ಸರಳು) ತನ್ನ ತೂತಿನೊಳಗೇ ಹಿಡಿದುಕೊಂಡಿದ್ದರೆ ಪರ್ಮಟೆಕ್ಸ್ ಕಂಪನಿಯ ಈ ತಾಮ್ರದ ಪೇಸ್ಟ್ ತುಂಬಾ ಒಳ್ಳೆಯ ಪರಿಹಾರ. ಬಿಗಿ ಬೇರೆ ಕಡೆ ಇದ್ದರೆ ಎಷ್ಟು ಬಳಿದರೂ ದಂಡ. ಅಮೆರಿಕ, ಕೆನಡಾದ ಚಳಿ ಸೀಮೆಯಲ್ಲಿ ಹಳೆಯ ಮನೆ ಕೊಂಡವರಿಗೆ ಎಷ್ಟೋ ಸಲ ವುಡ್ ಸ್ಟೌವ್ ಮನೆಯ ಜೊತೆಗೇ ಬರುತ್ತದೆ, ಅದರ ಕೈಪಿಡಿ ಸಿಗುವುದು ಅಪರೂಪ. ಹಾಗಾಗಿ ಬಾಟಲಿಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ.

ಸ್ಟೌವ್ ಪೂರ್ತಿ ತಣ್ಣಗಿರಬೇಕು. ಬೂದಿಯ ಅಡಿಯಲ್ಲಿ ಕೆಂಡ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಉಳಿಯಬಲ್ಲದು, ಆದ್ದರಿಂದ ಬೂದಿ ಕೆದಕಿ ನೋಡಿ. ಬಾಗಿಲು ತೆರೆದಿಟ್ಟುಕೊಂಡೇ ಹಿಡಿ ತಿರುಗಿಸಿ. ಆಗಲೂ ಬಿಗಿಯಾಗಿದ್ದರೆ ದೋಷ ಶಾಫ್ಟ್‌ನಲ್ಲಿದೆ, ಈ ಪೇಸ್ಟ್ ಉಪಯೋಗಕ್ಕೆ ಬರುತ್ತದೆ. ತೆರೆದಾಗ ಸಲೀಸಾಗಿ ತಿರುಗಿ ಮುಚ್ಚುವಾಗ ಮಾತ್ರ ಬಿಗಿಯಾದರೆ ಗ್ಯಾಸ್ಕೆಟ್ ಹಗ್ಗ (ಬಾಗಿಲ ಅಂಚಿನ ಸಂದು ಮುಚ್ಚುವ, ಕಾವು ತಾಳುವ ಹಗ್ಗ), ಚಿಲಕದ ಕೊಂಡಿ ಅಥವಾ ಜೋತುಬಿದ್ದ ಕೀಲು ಕಾರಣ. 3/8 ಇಂಚಿನ ಹಗ್ಗ ಇರಬೇಕಾದ ಜಾಗಕ್ಕೆ 1/2 ಇಂಚಿನದು ಹಾಕಿದರೆ ಹೀಗಾಗುವುದು ಸಾಮಾನ್ಯ. ಅಳತೆ ಸರಿಯಿದ್ದರೂ ಹೊಸ ಹಗ್ಗ ನಾಲ್ಕಾರು ಸಲ ಬೆಂಕಿ ಹಾಕುವವರೆಗೆ ಸ್ವಲ್ಪ ಬಿಗಿಯಾಗೇ ಇರುತ್ತದೆ. ಬಲವಂತವಾಗಿ ತಿರುಗಿಸಬೇಡಿ: ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ.

ಶಾಫ್ಟ್ ಹಿಡಿದುಕೊಳ್ಳಲು ತುಕ್ಕು, ಮಸಿ, ಕ್ರಿಯೋಸೋಟ್ (ಸೌದೆಯ ಹೊಗೆಯಿಂದ ಕೂರುವ ಟಾರಿನಂಥ ಅಂಟು) ಕಾರಣ ಎನ್ನುತ್ತಾರೆ, ಸರಿಯೇ. ಬೇಸಿಗೆಯಲ್ಲಿ ಒಳಗೇ ಬಿಟ್ಟ ಬೂದಿ ತೇವ ಎಳೆದುಕೊಂಡು ತುಕ್ಕು ತರುತ್ತದೆ. ಆದರೆ ಹಿಂದೆ ಯಾರೋ ಬಿಟ್ಟ ಎಣ್ಣೆಯೂ ಅಷ್ಟೇ ದೊಡ್ಡ ಕಾರಣ. ದೋಸೆ ಕಾವಲಿಯ ಮೇಲೆ ಎಣ್ಣೆ ಕಾದು ಗಟ್ಟಿ ಪದರವಾಗುವಂತೆ, ಅಡುಗೆ ಎಣ್ಣೆ ಶಾಫ್ಟ್ ಸುತ್ತ ವಾರ್ನಿಷ್ ಆಗಿ ಕೂರುತ್ತದೆ. ತುಕ್ಕು ಬಿಡಿಸಲು ಸಿಂಪಡಿಸುವ ಡಬ್ಲ್ಯುಡಿ-40ಯದೂ ಇದೇ ಕಥೆ, ಅದರ ಮಿತಿ ಸುಮಾರು 149 ಡಿಗ್ರಿ ಸೆಲ್ಸಿಯಸ್. ಉರಿಯುವ ಸ್ಟೌವ್‌ನ ಬಾಗಿಲು ಅದನ್ನು ಸುಲಭವಾಗಿ ದಾಟುತ್ತದೆ. ಪರ್ಮಟೆಕ್ಸ್ ಕಾಪರ್‌ಗೆ ಕಂಪನಿ ಕೊಟ್ಟಿರುವ ಮಿತಿ 982 ಡಿಗ್ರಿ. ಅದರ ಗ್ರೀಸ್ ಭಾಗ ಸುಟ್ಟುಹೋದರೂ ತಾಮ್ರದ ಸಣ್ಣ ಚೂರುಗಳು ಎರಡು ಕಬ್ಬಿಣಗಳ ನಡುವೆ ಉಳಿದು, ಒಂದಕ್ಕೊಂದು ಕಚ್ಚಿಕೊಳ್ಳದಂತೆ ತಡೆಯುತ್ತವೆ. ಈ ಕೆಲಸಕ್ಕೆ ಇದನ್ನು ಆರಿಸಲು ಇದೊಂದೇ ಕಾರಣ ಸಾಕು.

ಬಳಿಯುವುದು ಎರಡು ನಿಮಿಷದ ಕೆಲಸ. ಶ್ರಮವೆಲ್ಲ ಅದಕ್ಕೆ ಮೊದಲಿನ ಶುಚಿಯಲ್ಲಿದೆ. ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ವಾಷರ್ ಮತ್ತು ಸ್ಪ್ರಿಂಗ್ ಯಾವ ಕ್ರಮದಲ್ಲಿದ್ದವು ಎಂಬುದು ಆಮೇಲೆ ನೆನಪಿರುವುದಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಕೊಂಡಿಯನ್ನು ಒಳಗಿನಿಂದ ನಟ್, ಪಿನ್ ಅಥವಾ ಅಲೆನ್ ಕೀ ಸ್ಕ್ರೂ ಹಿಡಿದಿರುತ್ತದೆ. ನಟ್ ಅಲುಗದಿದ್ದರೆ ಪೆನೆಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿದು ತುಕ್ಕು ಸಡಿಲಿಸುವ ತೆಳು ಎಣ್ಣೆ) ಹಾಕಿ ರಾತ್ರಿಯಿಡೀ ಬಿಡಿ, ಸಾಧ್ಯವಾದರೆ ಬಾಗಿಲನ್ನೇ ಕಳಚಿ ಹೊರಗಿಟ್ಟುಕೊಂಡು. ಶಾಫ್ಟ್ ಹೊರಬಂದ ಮೇಲೆ 320 ನಂಬರಿನ ಎಮರಿ ಪೇಪರ್‌ನಿಂದ ಉಜ್ಜಿ. ಅದೇ ಪೇಪರನ್ನು ಸುರುಳಿ ಸುತ್ತಿ ತೂತಿನೊಳಗೂ ಆಡಿಸಿ. ಶಾಫ್ಟ್ ಮಾತ್ರ ಹೊಳೆಯುವಂತೆ ಮಾಡಿ ತೂತನ್ನು ಮರೆಯುವವರೇ ಹೆಚ್ಚು, ಅಂಥ ಹಿಡಿ ಒಂದೇ ಚಳಿಗಾಲದಲ್ಲಿ ಮತ್ತೆ ಬಿಗಿಯಾಗುತ್ತದೆ. ಕೊನೆಗೆ ಅಸಿಟೋನ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಎಣ್ಣೆಯ ಅಂಶ ಪೂರ್ತಿ ಒರೆಸಿ, ಒಣಗಲು ಬಿಡಿ. ಎರಡೂ ಬೇಗ ಹೊತ್ತಿಕೊಳ್ಳುವ ದ್ರವ, ಹತ್ತಿರ ಬೆಂಕಿ ಬೇಡ.

ಪೇಸ್ಟ್ ಬೆಂಕಿಕಡ್ಡಿಯ ತುದಿಯಷ್ಟು ಸಾಕು. ಮುಚ್ಚಳಕ್ಕೇ ಅಂಟಿದ ಬ್ರಷ್ ಈ ಸಣ್ಣ ಕೆಲಸಕ್ಕೆ ದಪ್ಪವಾಯಿತು, ಕಿವಿಗೆ ಬಳಸುವ ಹತ್ತಿಕಡ್ಡಿ ವಾಸಿ. ಶಾಫ್ಟ್‌ಗೆ ತೆಳುವಾಗಿ ಹಚ್ಚಿ, ತೂರಿಸಿ, ಹೊರಗೆ ಉಬ್ಬಿದ್ದನ್ನು ಒರೆಸಿ. ಗ್ಯಾಸ್ಕೆಟ್ ಹಗ್ಗಕ್ಕಾಗಲಿ ಗಾಜಿಗಾಗಲಿ ತಾಗಬಾರದು. ನಟ್ಟನ್ನು ವಾಷರ್ ಕೂರುವವರೆಗೆ ಬಿಗಿಮಾಡಿ, ಆಮೇಲೆ ಕಾಲು ಸುತ್ತಿನಷ್ಟು ಸಡಿಲಿಸಿ. ಹಿಡಿ ಬಿಟ್ಟ ಜಾಗದಲ್ಲೇ ನಿಂತರೆ ಹದ ಸರಿಯಿದೆ, ತಾನಾಗಿ ಕೆಳಗೆ ಬಿದ್ದರೆ ಸಡಿಲ ಹೆಚ್ಚಾಯಿತು. ಹಳೆಯ ಲಾಕ್ ನಟ್ ಬದಲಿಸುವಾಗ ಒಳಗೆ ನೈಲಾನ್ ಉಂಗುರ ಇರುವುದನ್ನು ತರಬೇಡಿ, ಕಾವಿಗೆ ನೈಲಾನ್ ಮೆತ್ತಗಾಗಿ ನಟ್ ಕಳಚಿಕೊಳ್ಳುತ್ತದೆ. ಪೂರ್ತಿ ಲೋಹದ್ದೇ ಬೇಕು.

ಮೊದಲ ಬೆಂಕಿಯಲ್ಲಿ ಗ್ರೀಸ್ ಸುಟ್ಟ ವಾಸನೆ, ಚೂರು ಹೊಗೆ ಬರುತ್ತದೆ. ಕಿಟಕಿ ತೆರೆದಿಡಿ.

ಕೊರತೆಗಳೂ ಇವೆ. ಬೆರಳಿಗೆ, ಬಟ್ಟೆಗೆ ತಾಗಿದ ತಾಮ್ರದ ಬಣ್ಣ ಸುಲಭಕ್ಕೆ ಬಿಡುವುದಿಲ್ಲ, ಕೈಗವಸು ಹಾಕಿಕೊಳ್ಳಲೇಬೇಕು. 8 ಔನ್ಸಿನ ಬಾಟಲಿ ಒಂದು ಸ್ಟೌವ್‌ಗೆ ಅತಿಯಾಯಿತು, ಕಾರಿನ ಕೆಲಸ ಮಾಡುವ ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಬಹುದು. ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ಅದೇ ಕಂಪನಿಯ ನಿಕಲ್ ಪೇಸ್ಟ್ ಹೆಚ್ಚು ಸೂಕ್ತ, ಆದರೆ ನಿಕಲ್ ಅಲರ್ಜಿ ಇರುವವರು ಮುಟ್ಟಬಾರದು. ಕೊಂಡಿಯ ಹೊರಮುಖ, ಕೀಲುಗಳಿಗೆ ಒಣ ಗ್ರಾಫೈಟ್ ಉತ್ತಮ, ಅದಕ್ಕೆ ಬೂದಿ ಅಂಟುವುದಿಲ್ಲ. ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು, ಅಷ್ಟೆ.

ಎಲ್ಲ ಜೋಡಿಸಿದ ಮೇಲೆ ಬಾಗಿಲಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ, ಮುಚ್ಚಿ, ಎಳೆಯಿರಿ. ಸುತ್ತಲೂ ನಾಲ್ಕೈದು ಕಡೆ ಹೀಗೆ ನೋಡಿ. ಎಲ್ಲಾದರೂ ಪಟ್ಟಿ ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಗಾಳಿ ನುಗ್ಗಿ ಬೆಂಕಿ ಹತೋಟಿ ಮೀರುತ್ತದೆ. ಹಿಡಿ ಎಷ್ಟೇ ನುಣ್ಣಗೆ ತಿರುಗುತ್ತಿದ್ದರೂ ಕೊಂಡಿಯನ್ನೋ ಹಗ್ಗವನ್ನೋ ಸರಿಪಡಿಸುವವರೆಗೆ ಸ್ಟೌವ್ ಹೊತ್ತಿಸಬೇಡಿ.